ಮನೆಯ ಕಂಪ್ಯೂಟರಿಗೆ ಹಣ ಕೊಟ್ಟು ಆಂಟಿವೈರಸ್ ಹಾಕಿಸಬೇಕೆ?

ಶಿರಸಿ, ಕುಮಟಾ, ಕಾರವಾರ, ಎಲ್ಲೇ ಹೋಗಿ, ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಆಂಟಿವೈರಸ್ ಡಬ್ಬಿಗಳ ಸಾಲು ಕಾಣುತ್ತದೆ. ಹೊಸ ಲ್ಯಾಪ್‌ಟಾಪ್ ಕೊಂಡವರ ಬಿಲ್ಲಿನಲ್ಲಿ ಬ್ಯಾಗು, ಮೌಸಿನ ಜೊತೆಗೆ ಅದೂ ಸೇರಿಕೊಂಡಿರುತ್ತದೆ. ವರ್ಷ ತುಂಬುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಕೆಂಪು ಚೌಕ ಎದ್ದು, ನಿಮ್ಮ ರಕ್ಷಣೆಯ ಅವಧಿ ಮುಗಿದಿದೆ ಎಂದು ದಿನಕ್ಕೆ ನಾಲ್ಕು ಸಲ ಹೇಳತೊಡಗುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರು ಊರಿನಲ್ಲಿ ಇರುವ ಮನೆಗಳಲ್ಲಿ ಈ ಕೆಂಪು ಚೌಕ ಸಣ್ಣ ಸಂಗತಿಯಲ್ಲ. ಅಡಿಕೆ ವ್ಯವಹಾರದ ಲೆಕ್ಕ, ಪಿಂಚಣಿಯ ಕಾಗದ, ಮೊಮ್ಮಕ್ಕಳ ಫೋಟೊ ಎಲ್ಲ ಆ ಯಂತ್ರದೊಳಗೇ ಇರುವಾಗ ಯಾರಿಗಾದರೂ ಭಯವಾಗುತ್ತದೆ. ಭಯವಾದಾಗ ಜನ ದುಡ್ಡು ಕೊಡುತ್ತಾರೆ.

ಕೊಡಬೇಕೆ? ಅಸಲಿ ವಿಂಡೋಸ್ ಇದ್ದು, ಅದರ ಅಪ್‌ಡೇಟುಗಳು ತಪ್ಪದೆ ಇಳಿಯುತ್ತಿದ್ದರೆ ಅದರೊಳಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ ಸಾಕು, ಮನೆಬಳಕೆಯ ಕಂಪ್ಯೂಟರಿಗೆ ಬೇರೆ ಆಂಟಿವೈರಸ್ ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕ್ಲೀನರ್’, ‘ಬೂಸ್ಟರ್’, ‘ಡ್ರೈವರ್ ಅಪ್‌ಡೇಟರ್’ ಎಂಬ ಹೆಸರಿನಲ್ಲಿ ಬರುವ ತಂತ್ರಾಂಶಗಳಂತೂ ಬೇಡವೇ ಬೇಡ. ಇಲ್ಲಿ ‘ಅಸಲಿ’ ಎಂಬುದು ಷರತ್ತು. ನಮ್ಮ ಕಡೆಯ ಮಟ್ಟಿಗೆ ಚರ್ಚೆಯೆಲ್ಲ ನಿಂತಿರುವುದು ಆ ಷರತ್ತಿನ ಮೇಲೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಆಂಟಿವೈರಸ್ ಕಡ್ಡಾಯ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿಯೇ ಓಡುವ ಅವಕಾಶವಿತ್ತು. ಸೈಬರ್ ಕೆಫೆಯಿಂದ ಮನೆಗೆ, ಮನೆಯಿಂದ ಕಾಲೇಜಿನ ಲ್ಯಾಬಿಗೆ ವೈರಸ್ ಹರಡುತ್ತಿದ್ದದ್ದು ಹಾಗೆ. ಮೈಕ್ರೋಸಾಫ್ಟ್ ಆ ದಾರಿಯನ್ನು ಹಳೆಯ ವಿಂಡೋಸ್‌ಗಳಲ್ಲೂ ಮುಚ್ಚಿದ್ದು 2011ರಲ್ಲಿ. ಆಗ ವಿಂಡೋಸ್‌ನೊಳಗೆ ಹೇಳಿಕೊಳ್ಳುವಂಥ ಕಾವಲೂ ಇರಲಿಲ್ಲ. 2006ರಲ್ಲಿ ಬಂದ ಡಿಫೆಂಡರ್ ಗೂಢಚಾರ ತಂತ್ರಾಂಶಗಳನ್ನು ಮಾತ್ರ ಹುಡುಕುತ್ತಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಆಂಟಿವೈರಸ್ ಮೊದಮೊದಲು ಹೆಸರು ಮಾಡಿದರೂ, 2012ರ ಕೊನೆಯ ಹೊತ್ತಿಗೆ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಯಲ್ಲಿ ಪ್ರಮಾಣಪತ್ರ ಗಿಟ್ಟಿಸಲಾಗದೆ ಹಿಂದೆ ಬಿತ್ತು. ಆ ದಿನಗಳಲ್ಲಿ ಬೇರೆ ಆಂಟಿವೈರಸ್ ಹಾಕಿಸಿಕೊಂಡವರು ಸರಿಯಾದುದನ್ನೇ ಮಾಡಿದರು.

ಬದಲಾವಣೆ ಶುರುವಾದದ್ದು ವಿಂಡೋಸ್ 8ರಿಂದ. 2012ರಲ್ಲಿ ಬಂದ ಆ ಆವೃತ್ತಿಯಲ್ಲಿ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್‌ನ ಭಾಗವೇ ಆಯಿತು. 2015ರ ವಿಂಡೋಸ್ 10ರ ನಂತರ ಅದು ವೇಗವಾಗಿ ಬಲಿಯಿತು. ಈಗ ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಎಂದು ಮೂರು ವಿಭಾಗಗಳಲ್ಲಿ ಕೊಡುವ ಒಟ್ಟು 18 ಅಂಕಗಳಲ್ಲಿ ಹದಿನೆಂಟನ್ನೂ ಡಿಫೆಂಡರ್ ಹಲವು ಬಾರಿ ಪಡೆದಿದೆ. ದುಡ್ಡು ಕೊಟ್ಟು ಕೊಳ್ಳುವ ಹೆಸರುಗಳು ಪಡೆಯುವುದೂ ಇಷ್ಟೇ. ಆದರೂ ಪುಕ್ಕಟೆಯಾಗಿ ಬಂದದ್ದು ಕೆಲಸಕ್ಕೆ ಬಾರದು ಎಂಬ ಭಾವನೆ ಹೋಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಡಿಫೆಂಡರ್‌ನ ಒಂದು ಕೊರತೆಯನ್ನು ಮಾತ್ರ ಮುಚ್ಚಿಡಬಾರದು, ಏಕೆಂದರೆ ಅದು ನಮ್ಮ ಮಳೆಗಾಲಕ್ಕೆ ನೇರವಾಗಿ ಸಂಬಂಧಿಸಿದ್ದು. ಅನುಮಾನ ಹುಟ್ಟಿಸುವ ಹೊಸ ಕಡತ ಕಂಡಾಗ ಡಿಫೆಂಡರ್ ಮೈಕ್ರೋಸಾಫ್ಟ್‌ನ ಸರ್ವರನ್ನು ಕೇಳಿ ತೀರ್ಮಾನಿಸುತ್ತದೆ. ಇಂಟರ್ನೆಟ್ ಇದ್ದರೆ ಅದು ಬಹಳ ಚುರುಕು, ಇಲ್ಲದಿದ್ದರೆ ಅಷ್ಟಿಲ್ಲ. ಆಸ್ಟ್ರಿಯಾದ ಎವಿ-ಕಂಪೇರೆಟಿವ್ಸ್ ಸಂಸ್ಥೆ ನೆಟ್ ಇದ್ದಾಗ ಮತ್ತು ಇಲ್ಲದಿದ್ದಾಗ ಎರಡೂ ಬಗೆಯಲ್ಲಿ ಪರೀಕ್ಷೆ ಮಾಡುತ್ತದೆ. ನೆಟ್ ಇಲ್ಲದ ಪರೀಕ್ಷೆಯಲ್ಲಿ ಡಿಫೆಂಡರ್‌ನ ಸಾಧನೆ ಕೆಲವು ಪ್ರತಿಸ್ಪರ್ಧಿಗಳಿಗಿಂತ ಕೆಳಗಿರುತ್ತದೆ. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟಿನ ಜೊತೆಗೆ ಫೈಬರ್ ನೆಟ್ಟೂ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್ ಚುಚ್ಚಿದರೆ ಅಪಾಯ ಸ್ವಲ್ಪ ಹೆಚ್ಚು. ನೆಟ್ ಬರುವ ತನಕ ಬೇರೆಯವರ ಪೆನ್‌ಡ್ರೈವ್ ತೆರೆಯದಿದ್ದರಾಯಿತು. ಇದೊಂದಕ್ಕಾಗಿ ವರ್ಷವರ್ಷವೂ ದುಡ್ಡು ಕಟ್ಟಬೇಕಿಲ್ಲ.

ಪೆನ್‌ಡ್ರೈವಿನ ಮಾತು ಬಂದದ್ದರಿಂದ ಅದರ ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ಪಹಣಿ ಮುದ್ರಿಸಲು, ಅರ್ಜಿ ತುಂಬಿಸಲು, ಲಗ್ನಪತ್ರಿಕೆ ಮಾಡಿಸಲು ಹೋದ ಪೆನ್‌ಡ್ರೈವ್ ಮನೆಗೆ ಮರಳಿದಾಗ ಅದರೊಳಗಿನ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ, ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು. ವೈರಸ್ ನಿಮ್ಮ ನಿಜವಾದ ಕಡತಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಅದನ್ನು ಒತ್ತಿದರೆ ವೈರಸ್ ಓಡಿ, ಆಮೇಲೆ ಫೋಲ್ಡರೂ ತೆರೆದುಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಡಿಫೆಂಡರ್ ಇಂಥ ವೈರಸ್ಸನ್ನು ತೆಗೆದುಹಾಕುತ್ತದೆ. ಆದರೆ ಮರೆಯಾದ ಕಡತಗಳು ಮರೆಯಲ್ಲೇ ಉಳಿಯುತ್ತವೆ. ‘ಫೋಟೊಗಳೆಲ್ಲ ಹೋದವು’ ಎಂದು ಕಂಗಾಲಾಗಿ ಆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಸಿಬಿಡುವವರಿದ್ದಾರೆ. ಫಾರ್ಮ್ಯಾಟ್ ಮಾಡಿಸಬೇಡಿ, ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ಮರೆಮಾಡಿದ ಕಡತಗಳನ್ನು ತೋರಿಸುವ ಆಯ್ಕೆ ಇದೆ. ಅದರಲ್ಲೂ ಕಾಣದಿದ್ದರೆ ತಿಳಿದವರು ಒಂದು ಸಾಲಿನ ಆದೇಶ ಕೊಟ್ಟು ತರಿಸುತ್ತಾರೆ. ಕಡತಗಳು ಅಲ್ಲೇ ಇರುತ್ತವೆ.

ಈಗ ‘ಅಸಲಿ’ ಎಂಬ ಷರತ್ತಿನ ವಿಷಯ. ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟಾಗ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತಾರೆ. ಪರವಾನಗಿಯ ಬೆಲೆ ಕೇಳಿದರೆ ಗ್ರಾಹಕ ಒಪ್ಪುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಪರವಾನಗಿ ಇದೆಯೆಂದು ವಿಂಡೋಸನ್ನು ನಂಬಿಸುವ ‘ಆಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶ ಓಡಿಸಿ ಕೆಲಸ ಮುಗಿಸುತ್ತಾರೆ. ಡಿಫೆಂಡರ್ ಈ ಆಕ್ಟಿವೇಟರನ್ನು ಹಿಡಿಯುತ್ತದೆ. ಅದನ್ನು ಓಡಿಸಬೇಕೆಂದರೆ ಮೊದಲು ಡಿಫೆಂಡರನ್ನೇ ಆರಿಸಬೇಕು, ಇಲ್ಲವೇ ಇಂಥ ಜಾಗವನ್ನು ನೋಡಬೇಡ ಎಂದು ಅದಕ್ಕೆ ಹೇಳಿಡಬೇಕು. ಕೆಲಸ ಮುಗಿದ ಮೇಲೆ ಅದನ್ನು ಮೊದಲಿನಂತೆ ಮಾಡಿಡುವ ಗೊಡವೆಗೆ ಬಹಳ ಮಂದಿ ಹೋಗುವುದಿಲ್ಲ.

ನಿಮ್ಮ ಯಂತ್ರದಲ್ಲಿ ಹೀಗಾಗಿದೆಯೇ ಎಂದು ನೋಡುವುದು ಸುಲಭ. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ‘ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್’ ಎಂಬಲ್ಲಿ ‘ಮ್ಯಾನೇಜ್ ಸೆಟ್ಟಿಂಗ್ಸ್’ಗೆ ಹೋಗಿ, ತಳದಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂದಿರುವುದನ್ನು ಒತ್ತಿ. ಅಲ್ಲಿ ಏನೂ ಇರಬಾರದು. ನೆರೆಯವರೊಬ್ಬರ ಲ್ಯಾಪ್‌ಟಾಪಿನಲ್ಲಿ ಆ ಪಟ್ಟಿಯನ್ನು ತೆರೆದಾಗ ಅದರಲ್ಲಿ ಒಂದೇ ನಮೂದು ಇತ್ತು: ಸಿ ಡ್ರೈವ್. ವಿಂಡೋಸ್, ತಂತ್ರಾಂಶಗಳು, ಅವರ ದಾಖಲೆಗಳು, ಇಳಿಸಿಕೊಂಡ ಕಡತಗಳು ಎಲ್ಲ ಇದ್ದದ್ದು ಅದರಲ್ಲೇ. ಪರದೆಯ ಕೆಳಗೆ ಹಸಿರು ಟಿಕ್ ಗುರುತು ಎಂದಿನಂತೆ ಕಾಣುತ್ತಿತ್ತು. ಕಾವಲು ಇದೆ ಎಂದೇ ಅವರು ನಂಬಿದ್ದರು. ಅಂಥ ಯಂತ್ರಕ್ಕೆ ಅಂಗಡಿಯವರು ‘ವೈರಸ್ ಬಹಳ ಬರುತ್ತಿದೆ, ಆಂಟಿವೈರಸ್ ಹಾಕಿಸಿ’ ಎಂದರೆ ಅದು ಸುಳ್ಳಲ್ಲ. ವೈರಸ್ ಬರುತ್ತಿರುವುದು ನಿಜ. ಬರಲು ದಾರಿ ಮಾಡಿಕೊಟ್ಟದ್ದು ಆ ಕಳ್ಳ ವಿಂಡೋಸ್.

ಇನ್ನೊಂದು ತೊಂದರೆಯೆಂದರೆ, ಕಳ್ಳ ಪ್ರತಿ ಹಾಕಿದವರು ಸಾಮಾನ್ಯವಾಗಿ ಅಪ್‌ಡೇಟನ್ನೂ ನಿಲ್ಲಿಸಿಡುತ್ತಾರೆ. ಅಪ್‌ಡೇಟ್ ಏಕೆ ಮುಖ್ಯ ಎಂಬುದನ್ನು 2017ರಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿಗೇ ತೋರಿಸಿತು. ಆ ವರ್ಷದ ಮೇ 12ರಂದು ಹರಡತೊಡಗಿದ ಅದು ಆಸ್ಪತ್ರೆ, ಕಾರ್ಖಾನೆ, ಕಚೇರಿಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಂಡಿದ್ದ ಯಂತ್ರಗಳಿಗೆ ಅದು ಆ ದಾರಿಯಿಂದ ನುಗ್ಗಲಾಗಲಿಲ್ಲ.

ಕ್ಲೀನರುಗಳ ಬಗ್ಗೆ ನನಗೆ ಸಿಟ್ಟಿದೆ. ಅವು ಕೆಲಸಕ್ಕೆ ಬಾರದ್ದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ‘ನಿಮ್ಮ ಕಂಪ್ಯೂಟರಿನಲ್ಲಿ 1,240 ದೋಷಗಳು’ ಎಂಬಂಥ ಸಂಖ್ಯೆ ತೋರಿಸಿ ಹೆದರಿಸುವುದೇ ಇವುಗಳ ಪದ್ಧತಿ. ಆ ದೋಷಗಳಲ್ಲಿ ಬಹುಪಾಲು ಜಾಲತಾಣಗಳು ಇಟ್ಟುಹೋಗುವ ಕುಕೀಗಳೆಂಬ ಸಣ್ಣ ಕಡತಗಳು, ಖಾಲಿ ಫೋಲ್ಡರುಗಳು, ರಿಜಿಸ್ಟ್ರಿಯಲ್ಲಿ ಉಳಿದ ಹಳೆಯ ಸಾಲುಗಳು. ರಿಜಿಸ್ಟ್ರಿ ಎಂಬುದು ವಿಂಡೋಸ್‌ನ ಸೆಟ್ಟಿಂಗುಗಳ ದೊಡ್ಡ ಕಡತ. ಅದರಲ್ಲಿ ನೂರಾರು ಹಳೆಯ ಸಾಲುಗಳಿದ್ದರೂ ವೇಗಕ್ಕೆ ಧಕ್ಕೆಯಿಲ್ಲ, ಆದರೆ ಬೇಕಾದ ಒಂದು ಸಾಲು ಅಳಿಸಿದರೆ ತಂತ್ರಾಂಶ ತೆರೆಯದೇ ಹೋಗಬಹುದು. ರಿಜಿಸ್ಟ್ರಿ ಕ್ಲೀನರುಗಳ ಬಳಕೆಯನ್ನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲೇ ಹೇಳಿದೆ. ‘ಜಂಕ್’ ಎಂದು ಅಳಿಸುವುದರಲ್ಲಿ ಬ್ರೌಸರ್ ಉಳಿಸಿಕೊಂಡ ಚಿತ್ರಗಳು, ಪುಟಗಳೂ ಇರುತ್ತವೆ. ಅವು ಇದ್ದರೆ ಅದೇ ಜಾಲತಾಣ ಮರುಸಲ ಬೇಗ ತೆರೆಯುತ್ತದೆ. ನಿಧಾನ ನೆಟ್ ಇರುವ ಹಳ್ಳಿಯಲ್ಲಿ ದಿನವೂ ಅದನ್ನು ಗುಡಿಸಿ ಹಾಕಿದರೆ ಬ್ರೌಸಿಂಗ್ ಇನ್ನೂ ನಿಧಾನವಾಗುತ್ತದೆ.

ಹೆದರಿಸುವ ಸಂಖ್ಯೆಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. ಆಫೀಸ್ ಡಿಪೊ ಎಂಬ ದೊಡ್ಡ ಅಂಗಡಿ ಸರಣಿಯಲ್ಲಿ ಗ್ರಾಹಕರ ಕಂಪ್ಯೂಟರನ್ನು ಉಚಿತವಾಗಿ ತಪಾಸಣೆ ಮಾಡುತ್ತಿದ್ದರು. ಮೊದಲಿಗೆ ನಾಲ್ಕು ಪ್ರಶ್ನೆಗಳು: ಯಂತ್ರ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬರುತ್ತದೆಯೇ ಎಂಬಂಥವು. ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಟಿಕ್ ಹಾಕಿದರೆ ಸಾಕು, ಯಂತ್ರ ಹೇಗೇ ಇದ್ದರೂ ತಪಾಸಣೆಯ ಕೊನೆಗೆ ವೈರಸ್ಸಿನ ಲಕ್ಷಣ ಇದೆ ಎಂಬ ಫಲಿತಾಂಶ ಬರುತ್ತಿತ್ತು. ಆಮೇಲೆ ದುಬಾರಿ ದುರಸ್ತಿ. 2019ರಲ್ಲಿ ಆ ಕಂಪನಿ ಮತ್ತು ತಂತ್ರಾಂಶ ಕೊಟ್ಟ ಸಪೋರ್ಟ್.ಕಾಮ್ ಸೇರಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 3.5 ಕೋಟಿ ಡಾಲರ್ ಕಟ್ಟಲು ಒಪ್ಪಿದವು.

ಸಿಸಿಕ್ಲೀನರ್ ಪ್ರಕರಣ ಇನ್ನೂ ಗಂಭೀರ. ಆ ಕಾಲಕ್ಕೆ ಎಲ್ಲರೂ ಕಣ್ಣುಮುಚ್ಚಿ ಶಿಫಾರಸು ಮಾಡುತ್ತಿದ್ದ ತಂತ್ರಾಂಶ ಅದು. 2017ರಲ್ಲಿ ಅದನ್ನು ತಯಾರಿಸುವ ಕಂಪನಿಯ ಒಳಗೇ ನುಗ್ಗಿದ ದುಷ್ಕರ್ಮಿಗಳು ಆಗಸ್ಟ್ 15ರಂದು ಹೊರಬಂದ 5.33 ಆವೃತ್ತಿಯಲ್ಲಿ ತಮ್ಮ ಕೋಡ್ ಸೇರಿಸಿದರು. ಕಂಪನಿಯ ಅಸಲಿ ಡಿಜಿಟಲ್ ಸಹಿಯೊಂದಿಗೇ ಅದು ಸುಮಾರು 22.7 ಲಕ್ಷ ಬಳಕೆದಾರರಿಗೆ ತಲುಪಿತು. ಪತ್ತೆಯಾಗಲು ನಾಲ್ಕು ವಾರ ಹಿಡಿಯಿತು. ಅಂದರೆ ಇಲ್ಲಿ ಬಳಕೆದಾರರ ತಪ್ಪು ಏನೂ ಇರಲಿಲ್ಲ. ಅಗತ್ಯವಿಲ್ಲದ ಒಂದು ತಂತ್ರಾಂಶಕ್ಕೆ ಯಂತ್ರದ ಪೂರ್ತಿ ಅಧಿಕಾರ ಕೊಟ್ಟದ್ದರಿಂದಲೇ ಅಪಾಯ ಒಳಗೆ ಬಂತು.

ಯಂತ್ರ ನಿಜವಾಗಿ ನಿಧಾನವಾದಾಗ ಏನು ಮಾಡಬೇಕು? ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಏನೂ ಮಾಡದೆ ಕೂತಿದ್ದರೂ ಅಲ್ಲಿ ಶೇ 100 ತೋರಿಸುತ್ತಿದ್ದರೆ ಸಾಮಾನ್ಯವಾಗಿ ಹಳೆಯ ತಿರುಗುವ ಹಾರ್ಡ್‌ಡಿಸ್ಕೇ ಕಾರಣ. ಅದರ ಬದಲು ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕ್ ಹಾಕಿಸಿದರೆ ಯಾವ ಬೂಸ್ಟರೂ ಮಾಡಲಾಗದ ವ್ಯತ್ಯಾಸ ಕಾಣುತ್ತದೆ. ಕೆಲವು ವರ್ಷಗಳ ಆಂಟಿವೈರಸ್ ಶುಲ್ಕ ಕೂಡಿಸಿದರೆ ಅದರ ಬೆಲೆಗೆ ಹತ್ತಿರ ಬರುತ್ತದೆ. ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಬಹುದು. ಜಾಗ ಖಾಲಿ ಮಾಡಲು ವಿಂಡೋಸ್‌ನಲ್ಲೇ ಸ್ಟೋರೇಜ್ ಸೆನ್ಸ್ ಇದೆ. ಕಾರವಾರದ ಕೋಡಿಬಾಗ, ಅಂಕೋಲಾ, ಹೊನ್ನಾವರದಂಥ ಕಡೆ ಉಪ್ಪುಗಾಳಿಗೆ ಒಳಗಿನ ಲೋಹದ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಘಟ್ಟದ ಮೇಲೆ ಮಳೆಗಾಲದ ತೇವ. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಬಿಸಿಯಾಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಳ್ಳೆಯ ಮೆಕ್ಯಾನಿಕ್ ಯಂತ್ರ ಬಿಚ್ಚಿ ಧೂಳು ತೆಗೆದು, ರ‍್ಯಾಮಿನ ತುದಿಯನ್ನು ರಬ್ಬರಿನಿಂದ ಉಜ್ಜಿ ಕೂರಿಸಿದರೆ ಆ ಅರ್ಧ ಗಂಟೆಯ ಕೆಲಸಕ್ಕೆ ಬೆಲೆ ಇದೆ. ಅಂಗಡಿಯವರು ಆಂಟಿವೈರಸ್ ಡಬ್ಬಿಯ ಲಾಭಕ್ಕೆ ಜೋತು ಬೀಳದೆ ಈ ಸೇವೆಗೆ ನ್ಯಾಯವಾದ ದರ ಕೇಳಲಿ, ನಾವೂ ಚೌಕಾಸಿ ಮಾಡದೆ ಕೊಡೋಣ.

ಈಗಿನ ದೊಡ್ಡ ಅಪಾಯ ಬರುತ್ತಿರುವುದು ಬೇರೆ ಬಾಗಿಲಿನಿಂದ. ಒಬ್ಬ ನಿವೃತ್ತ ಅಕ್ಕೋರ (ಶಿಕ್ಷಕಿಯ) ಮನೆಯ ಕಂಪ್ಯೂಟರಿನಲ್ಲಿ ಬಲಗಡೆಯ ಮೂಲೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ವೈರಸ್ ಎಚ್ಚರಿಕೆ ಬರುತ್ತಿತ್ತು, ಹೆಸರಾಂತ ಆಂಟಿವೈರಸ್ ಕಂಪನಿಯ ಗುರುತಿನ ಸಮೇತ. ಅವರ ಯಂತ್ರದಲ್ಲಿ ಆ ಕಂಪನಿಯ ತಂತ್ರಾಂಶವೇ ಇರಲಿಲ್ಲ. ‘ಅಕ್ಕೋರೇ, ಇದು ವೈರಸ್ ಅಲ್ಲ, ಯಾವುದೋ ಜಾಲತಾಣ ನೋಟಿಫಿಕೇಶನ್ ಕಳಿಸುತ್ತಿದೆ’ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ. ಎಚ್ಚರಿಕೆಯ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಕ್ರೋಮ್ ಎಂದು ಬರೆದಿದ್ದನ್ನು, ಅದರ ಪಕ್ಕದಲ್ಲಿ ಅಪರಿಚಿತ ಜಾಲತಾಣದ ಹೆಸರಿದ್ದುದನ್ನು ತೋರಿಸಿದ ಮೇಲೆ ಒಪ್ಪಿದರು. ಹಿಂದೆಂದೋ ‘ನೀವು ರೋಬೊಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಒಂದು ಪುಟ ಕೇಳಿತ್ತು, ಅವರು ಒತ್ತಿದ್ದರು. ಕ್ರೋಮ್‌ನ ಸೆಟ್ಟಿಂಗಿನಲ್ಲಿ ನೋಟಿಫಿಕೇಶನ್ ಪಟ್ಟಿಗೆ ಹೋಗಿ ಆ ಹೆಸರನ್ನು ತೆಗೆದೊಡನೆ ಎಲ್ಲವೂ ನಿಂತಿತು. ಆ ಚೌಕವನ್ನು ಒತ್ತಿದ್ದರೆ ನಕಲಿ ತಪಾಸಣೆಯ ಪುಟ, ಅಲ್ಲಿಂದ ಸಹಾಯವಾಣಿಯ ಸಂಖ್ಯೆ, ಅಲ್ಲಿಂದ ದೂರದಲ್ಲಿದ್ದೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿ ಯಂತ್ರವನ್ನೇ ವಂಚಕರ ಕೈಗೆ ಒಪ್ಪಿಸುವುದು. ಎನಿಡೆಸ್ಕ್ ವೈರಸ್ ಅಲ್ಲ, ಸಭ್ಯ ತಂತ್ರಾಂಶ. ಹಾಗಾಗಿ ಆಂಟಿವೈರಸ್ ಅದನ್ನು ತಡೆಯುತ್ತದೆಂದು ನಂಬಿ ಕೂರುವಂತಿಲ್ಲ. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಆಂಟಿವೈರಸ್ ಕಂಪನಿಗಳನ್ನು ನಂಬಬಹುದೇ ಎಂಬ ಪ್ರಶ್ನೆಯೂ ಇದೆ. ಅವಾಸ್ಟ್ ತನ್ನ ಬಳಕೆದಾರರು ಯಾವ ಜಾಲತಾಣ ನೋಡುತ್ತಾರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರಲ್ಲಿ ಅದು ಬಯಲಾಗಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಅದೇ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ವಿಧಿಸಿತು. ಇಂದು ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ, ಸಿಸಿಕ್ಲೀನರ್ ಐದೂ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಹೆಸರು ಬದಲಿಸಿ ಕೊಂಡರೂ ಹಣ ಹೋಗುವುದು ಒಂದೇ ಕಡೆಗೆ.

ಹಾಗೆಂದು ಯಾರಿಗೂ ಬೇಡವೆಂದಲ್ಲ. ಹತ್ತಾರು ಜನರ ಪೆನ್‌ಡ್ರೈವ್ ದಿನವೂ ಚುಚ್ಚಿಸಿಕೊಳ್ಳುವ ಝೆರಾಕ್ಸ್ ಅಂಗಡಿಯವರಿಗೆ ನೆಟ್ ಇಲ್ಲದಿದ್ದರೂ ಬಲವಾಗಿರುವ ಆಂಟಿವೈರಸ್ ಕೊಳ್ಳುವುದು ಸಮರ್ಥನೀಯ. ಮಕ್ಕಳ ಬಳಕೆಗೆ ಮಿತಿ ಹಾಕುವ ಸೌಲಭ್ಯ, ಸಮಸ್ಯೆ ಬಂದಾಗ ಫೋನಿನಲ್ಲಿ ಮಾತನಾಡುವ ಜನ ಬೇಕೆನ್ನುವವರು ಅದಕ್ಕಾಗಿ ಕೊಳ್ಳಲಿ. ಯಂತ್ರದಲ್ಲಿ ವೈರಸ್ ಸೇರಿದೆಯೆಂದು ಅನುಮಾನ ಬಂದಾಗ ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಓಡಿಸಿ ನೋಡಬಹುದು. ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಭಾರತೀಯ ಕಂಪನಿಗಳ ಉಚಿತ ಸಾಧನಗಳು ಸಿಗುತ್ತವೆ. ಅವಧಿ ಮುಗಿದ ಆಂಟಿವೈರಸ್ ಮಾತ್ರ ಯಂತ್ರದಲ್ಲಿ ಇರಕೂಡದು. ಅದನ್ನು ಪೂರ್ತಿ ತೆಗೆದುಹಾಕಿದರೆ ಡಿಫೆಂಡರ್ ತಾನಾಗಿ ಕೆಲಸ ಶುರುಮಾಡುತ್ತದೆ.

ಉಳಿಸಿದ ಹಣದಲ್ಲಿ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಎದುರು ಯಾವ ಆಂಟಿವೈರಸ್ಸೂ ನೂರಕ್ಕೆ ನೂರು ಭರವಸೆ ಕೊಡಲಾರದು. ಅಜ್ಜನ ಕಾಲದ ಫೋಟೊ, ಹಳೆಯ ತಾಳಮದ್ದಳೆಯ ಧ್ವನಿಮುದ್ರಣ, ತೋಟದ ಲೆಕ್ಕ ಇವೆಲ್ಲದರ ಪ್ರತಿ ಆ ಡಿಸ್ಕಿನಲ್ಲಿರಲಿ. ಪ್ರತಿ ತೆಗೆದಾದ ಮೇಲೆ ಡಿಸ್ಕನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡಿ. ಚುಚ್ಚಿಯೇ ಇಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಕೊನೆಯದಾಗಿ, ವಿಂಡೋಸ್ 10 ಇರುವವರ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಡಿಫೆಂಡರ್‌ಗೆ ವೈರಸ್ ಗುರುತಿಸುವ ಮಾಹಿತಿ 2028ರವರೆಗೆ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ, ಆದರೆ ವಿಂಡೋಸ್‌ನಲ್ಲೇ ಕಾಣಿಸಿಕೊಳ್ಳುವ ಹೊಸ ಬಿರುಕುಗಳನ್ನು ಅದು ಮುಚ್ಚುವುದಿಲ್ಲ. ‘ವಿಂಡೋಸ್ 10 ಹಳೆಯದಾಯಿತು, ಆಂಟಿವೈರಸ್ ಹಾಕಿಸಿ, ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಕೊಂಡ ಆಂಟಿವೈರಸ್ಸೂ ಆ ಬಿರುಕನ್ನು ಮುಚ್ಚಲಾರದು. ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಪ್ರಕಟವಾಗಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಇಟ್ಟರೆ ಅದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಸಿಕೊಳ್ಳಬಹುದು. ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವ ಕೆಲಸ ಆರಾಮವಾಗಿ ಆಗುತ್ತದೆ, ಕನ್ನಡ ಟೈಪಿಂಗಿಗೆ ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸವೂ ಅದರಲ್ಲಿದೆ. ಲೆಕ್ಕ ಬರೆಯಲು ಟ್ಯಾಲಿ ತಂತ್ರಾಂಶ ಬಳಸುವವರಿಗೆ ಅದು ಹೊಂದುವುದಿಲ್ಲ. ಅವರು ಹಳೆಯ ಯಂತ್ರವನ್ನೇ ಇಟ್ಟುಕೊಳ್ಳುವುದಾದರೆ ಅದರಲ್ಲಿ ಬ್ಯಾಂಕಿನ ವ್ಯವಹಾರ, ಇಮೇಲ್ ಎರಡನ್ನೂ ನಿಲ್ಲಿಸಿ, ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟುಕೊಳ್ಳಲಿ.